ಎಂಟು ಗಂಟೆಯ ರಿಮೋಟ್

ಮನೆಯಿಂದ,
ಮಾರ್ಚ್ ೧೪, ಶನಿವಾರ

ಪ್ರೀತಿಯ ಮಗಳೇ,

ಈ ಮನೆಯ ಹಿರಿಯಳು ನಾನು. ಬೀರುವಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ, ಟಿವಿಯ ರಿಮೋಟೂ ಅಷ್ಟೆ. ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಅಮ್ಮ ಮೆತ್ತಗಾದಳು ಅಂತ ನೀನು ನಗಬಾರದು. ಆರೋಗ್ಯ ಹೇಗಿದೆ? ನರ್ಸಿಂಗ್ ಹಾಸ್ಟೆಲಿನ ಕಿಟಕಿ ರಿಪೇರಿ ಮಾಡಿಸಿದರಾ? ಪಾಳಿ ಮುಗಿಸಿ ಬಂದವಳು ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಮಲಗು. ಇಲ್ಲಿ ನನ್ನ ಮಂಡಿಯೊಂದು ನನ್ನ ಮಾತು ಕೇಳುತ್ತಿಲ್ಲ, ಉಳಿದವರೆಲ್ಲ ಕೇಳುತ್ತಿದ್ದಾರೆ.

ಅಂದರೆ, ಈ ವಾರದ ತನಕ ಕೇಳುತ್ತಿದ್ದರು. ನಿನ್ನ ಅತ್ತಿಗೆ ಎಂಟು ಗಂಟೆಗೆ ನೋಡುತ್ತಿದ್ದ ಧಾರಾವಾಹಿ ಇದೆಯಲ್ಲ, ಸೊಸೆ ಸೊಂಟಕ್ಕೆ ಕೈಯಿಟ್ಟು ಅತ್ತೆಗೆ ಎದುರು ಮಾತಾಡುವುದು, ಅದನ್ನು ನಾನು ನಿಲ್ಲಿಸಿದೆ. ದಿನಾ ಅದನ್ನೇ ನೋಡಿದವಳು ನಾಳೆ ನನ್ನ ಮುಂದೆಯೂ ಹಾಗೇ ನಿಲ್ಲುವುದಿಲ್ಲ ಅಂತ ಏನು ಗ್ಯಾರಂಟಿ? ಆ ಹೊತ್ತಿಗೆ ವಾರ್ತೆ ಹಾಕಿದೆ. ನೀನು ಹೊರಡುವ ಮುಂಚೆ ಅಂದಿದ್ದೆ, “ಅಮ್ಮಾ, ತೋರಿಸಿದ್ದನ್ನೆಲ್ಲ ಜನ ನುಂಗಲ್ಲ, ತಮಗೆ ಬೇಕಾದ್ದನ್ನ ಹೆಕ್ಕೋತಾರೆ” ಅಂತ. ದೊಡ್ಡ ಮಾತು ಬೇಡ ಅಂತ ನಿನ್ನ ಬಾಯಿ ಮುಚ್ಚಿಸಿದ್ದೆ.

ಗುರುವಾರ ಎಂಟಕ್ಕೆ ಸೊಸೆ ಮನೆಯಲ್ಲಿಲ್ಲ. ಹುಡುಕಿಕೊಂಡು ಹೋದರೆ ಪಕ್ಕದ ಮನೆಯವರ ಟಿವಿ ಮುಂದೆ ನೆಲದ ಮೇಲೆ ಕೂತಿದ್ದಾಳೆ! ನನ್ನ ಸೊಸೆ! ಪಕ್ಕದ ಮನೆಯಾಕೆ ಮೂಗು ಒರೆಸಿಕೊಂಡು ಅಳುತ್ತಿದ್ದಳು. ದಿನಕ್ಕೊಮ್ಮೆ ಅತ್ತರೆ ಆಕೆಗೆ ಒಳ್ಳೆ ನಿದ್ದೆಯಂತೆ. ಅವಳ ಗಂಡ ಧಾರಾವಾಹಿಯ ಖಳನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ, ಆಫೀಸಿನ ಸಾಹೇಬರನ್ನು ಬೈಯಲು ಧೈರ್ಯ ಇಲ್ಲವಲ್ಲ. ನಮ್ಮವಳು ಮಾತ್ರ ಕತ್ತಿಗೆ ಅಳತೆ ಟೇಪು ಹಾಕಿಕೊಂಡು, ಮಡಿಲಲ್ಲಿ ಕಂದು ಕಾಗದ ಹರಡಿ, ನಾಯಕಿಯ ರವಿಕೆ ತೋಳಿನ ನೆರಿಗೆ ಬರೆದುಕೊಳ್ಳುತ್ತಿದ್ದಳು. “ಕಥೆ ಏನಾಯ್ತೇ?” ಅಂದರೆ, “ಗೊತ್ತಿಲ್ಲ ಅತ್ತೆ, ನಾನು ಕೇಳಿಸ್ಕೊಂಡೇ ಇಲ್ಲ.” ಅವಳ ಹತ್ತಿರ ಹೊಲಿಸುವ ಹೆಂಗಸರಿಗೆಲ್ಲ ಆ ತೋಳೇ ಬೇಕಂತೆ. ನಮ್ಮ ಮನೆಯಲ್ಲಿ ಧಾರಾವಾಹಿ ನಿಂತ ಮೇಲೆ ಇಬ್ಬರು ಆಗಲೇ ಬಟ್ಟೆ ಎತ್ತಿಕೊಂಡು ಎದುರು ಬೀದಿಯ ದರ್ಜಿಯ ಹತ್ತಿರ ಹೋದರಂತೆ.

“ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತೇ ನಿಂಗೆ?” ಅಂದೆ. “ಎದುರು ಮಾತಾಡಿದ ಹಾಗಾಗುತ್ತೆ ಅಂತ ಸುಮ್ಮನಿದ್ದೆ ಅತ್ತೆ” ಅಂದಳು. ಮನೆ ಬಾಗಿಲಲ್ಲಿ ಮೆಲ್ಲಗೆ ಇನ್ನೊಂದು ಸೇರಿಸಿದಳು: “ನೀವೂ ವಾರ್ತೆ ಮುಗಿಯೋ ತನಕ ತರಕಾರಿ ಸೋಸ್ತಿರ್ತೀರಿ. ತಲೆ ಎತ್ತೋದು ಕೊನೇಲಿ ಮಾತ್ರ.” ನಾನು ಗಂಭೀರವಾಗಿ ಒಳಗೆ ನಡೆದೆ.

ಅಪ್ಪ, ಅಣ್ಣ ನಿನ್ನನ್ನು ಕೇಳಿದ್ದಾರೆ. ಹಿಡಿದ ಕೆಲಸ ಕೈಗೂಡಲಿ, ಓಡಾಡುವ ಕಾಲಿಗೆ ನೋವು ಬಾರದಿರಲಿ ಎಂದು ಹರಸುವ,

ನಿನ್ನ ಅಮ್ಮ

ತಾ.ಕ.: ವಾರ್ತೆಯ ಕೊನೆಯಲ್ಲಿ ನೀನಿರುವ ಊರಿನ ಹವಾಮಾನ ಹೇಳುತ್ತಾರೆ, ಅದಕ್ಕೆ ತಲೆ ಎತ್ತುತ್ತಿದ್ದೆ. ಇನ್ನು ನೋಡಲಾಗುವುದಿಲ್ಲ. ಅಲ್ಲಿ ಮಳೆಯೋ ಬಿಸಿಲೋ, ಕೊಡೆ ಒಯ್ದೆಯೋ ಇಲ್ಲವೋ, ಪ್ರತಿ ಕಾಗದದಲ್ಲೂ ನೀನೇ ಬರೆಯತಕ್ಕದ್ದು. ಎಂಟು ಗಂಟೆಯ ರಿಮೋಟನ್ನು ನಿನ್ನೆಯೇ ಅವಳ ಹೊಲಿಗೆ ಯಂತ್ರದ ಮೇಲೆ ಇಟ್ಟು ಬಂದಿದ್ದೇನೆ.