ಹಲ್ವಾ ಡಬ್ಬಿಯ ಅಡಿಯ ಹತ್ತು ಮಾತ್ರೆ

ಅಲ್ ಅಮೇರಾತ್, ಮಸ್ಕತ್
೬ ಸೆಪ್ಟೆಂಬರ್ ೨೦೨೫, ಶನಿವಾರ

ಪ್ರೀತಿಯ ಅತ್ತೆ,

ಇಲ್ಲಿಂದಲೇ ನಿಮ್ಮ ಕಾಲಿಗೂ ಮಾವನ ಕಾಲಿಗೂ ನಮಸ್ಕಾರ. ಹೇಗಿದ್ದೀರಿ? ಮಂಡಿನೋವು ಹೇಗುಂಟು? ಬಿಪಿ ಮಾತ್ರೆಯನ್ನು ಬೆಳಿಗ್ಗೆ ಮರೆಯದೆ ತೆಗೆದುಕೊಳ್ಳುತ್ತಿದ್ದೀರಲ್ಲ? ದಿನಾ ಫೋನಿನಲ್ಲಿ ಮಾತಾಡುವ ಸೊಸೆಗೆ ಪತ್ರ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ಈಗ ನೀವು ಕನ್ನಡಕ ಹುಡುಕುತ್ತಿರುತ್ತೀರಿ. ಏನು ಮಾಡುವುದು ಹೇಳಿ, ನಿಮ್ಮ ಫೋನ್ ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು ಇಲ್ಲಿ ಕೆಮ್ಮಿದರೆ ಮಾವ ಅಲ್ಲಿಂದ ಶುಂಠಿ ಕಷಾಯ ಹೇಳುತ್ತಾರೆ. ಇದು ನಿಮಗೆ ಮಾತ್ರ ಹೇಳುವ ವಿಷಯ. ಬಾಗಿಲು ಹಾಕಿಕೊಂಡು ಒಬ್ಬರೇ ಓದಿ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಪತ್ರ ಬಿಟ್ಟು ಹಲ್ವಾ ಡಬ್ಬಿಯ ಅಡಿ ತಡಕುತ್ತೀರಿ. ನಾನು ಕಳುಹಿಸುತ್ತೇನೆ ಎಂದ ಆ ಮಾತ್ರೆ ಈ ಪೆಟ್ಟಿಗೆಯಲ್ಲಿ ಇಲ್ಲ. ಸಿಟ್ಟು ಮಾಡಬೇಡಿ. ಇಟ್ಟದ್ದು ನಿಜ, ತೆಗೆದದ್ದೂ ನಿಜ. ಸಮೀಕ್ಷಾಳ ನಿಶ್ಚಿತಾರ್ಥದಲ್ಲಿ "ಉಮಕ್ಕನಿಗೆ ಬಗ್ಗಿ ಏಳುವುದು ಕಷ್ಟ" ಎಂದು ನಿಮ್ಮನ್ನು ಬಿಟ್ಟು ಆರತಿಗೆ ಬೇರೆಯವರನ್ನು ಕರೆದರಲ್ಲ, ಅವತ್ತು ನಿಮ್ಮ ಮುಖ ನೋಡಿದವಳು ನಾನು. ನಿಮ್ಮ ತಮ್ಮನ ಒಬ್ಬಳೇ ಮಗಳು, ನೀವೇ ಎತ್ತಿ ಆಡಿಸಿದವಳು. ಕಳೆದ ತಿಂಗಳು ನೀವು ಫೋನ್ ಹಿಡಿದುಕೊಂಡು ಬಾವಿಕಟ್ಟೆಯ ಆಚೆ ಹೋಗಿ, "ಸೌಮ್ಯಾ, ನೀನು ಸಪೂರ ಆದ ಆ ಮಾತ್ರೆ ನನಗೂ ಸ್ವಲ್ಪ ಕಳಿಸ್ತೀಯಾ? ಮದುವೆಯ ಒಳಗೆ ಇಳಿಸಬೇಕು. ಯಾರ ಹತ್ರವೂ ಹೇಳ್ಬೇಡ ಮಾರಾಯ್ತಿ" ಎಂದಿರಿ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನೀವು ನನ್ನ ಹತ್ತಿರ ಏನಾದರೂ ಕೇಳಿದ್ದು ಅದೇ ಮೊದಲು. ಬಾದಾಮಿ ಬೇಕಾ ಎಂದರೆ ಬೇಡ, ಸೀರೆ ಬೇಕಾ ಎಂದರೆ ಬೇಡ. ಕೊನೆಗೂ ಕೇಳಿದಿರಲ್ಲ ಎಂಬ ಖುಷಿಯಲ್ಲಿ ನನ್ನ ಬುದ್ಧಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಹೂಂ ಎಂದುಬಿಟ್ಟೆ.

ಆ ಮಾತ್ರೆ ನನಗೆ ಸುಮ್ಮನೆ ಸಿಕ್ಕಿದ್ದಲ್ಲ ಅತ್ತೆ. ಡಾಕ್ಟರಮ್ಮ ಇಸಿಜಿ ತೆಗೆಸಿ, ಥೈರಾಯ್ಡ್ ನೋಡಿ, ಬಿಪಿ ಸರಿ ಉಂಟು ಎಂದು ಗೊತ್ತಾದ ಮೇಲೆಯೇ ಚೀಟಿ ಬರೆದದ್ದು. ಅದೂ ಹನ್ನೆರಡೇ ವಾರಕ್ಕೆ. ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಮುಟ್ಟಬಾರದು, ಕಾಫಿ ಕಡಿಮೆ, ಶೀತಕ್ಕೆ ಅಂಗಡಿಯ ಮಾತ್ರೆ ಕೇಳದೆ ನುಂಗಬಾರದು. ಹಸಿವು ಕಡಿಮೆಯಾದದ್ದು ಹೌದು, ಬಾಯಿ ಒಣಗಿ ಒಣಗಿ ನಾಲಗೆ ಅಂಟುತ್ತಿದ್ದದ್ದೂ ಹೌದು. ಏಳು ಕಿಲೋ ಇಳಿದದ್ದರಲ್ಲಿ ಅರ್ಧ ಮಾತ್ರೆಯದ್ದಾದರೆ ಇನ್ನರ್ಧ ಇಲ್ಲಿನ ಪಾರ್ಕಿನಲ್ಲಿ ದಿನಾ ಹಾಕಿದ ಸುತ್ತಿನದ್ದು. ಅದನ್ನು ನಾನು ಯಾರಿಗೂ ಹೇಳಿಲ್ಲ, ಮಾತ್ರೆ ಎಂದರೆ ಎಲ್ಲರೂ ಬಾಯಿಬಿಟ್ಟು ಕೇಳುತ್ತಾರೆ ನೋಡಿ. ಮಾತ್ರೆ ಬಿಟ್ಟ ದಿನಗಳನ್ನು ಡೈರಿಯಲ್ಲಿ ಬರೆದು, ಉಳಿದ ಮಾತ್ರೆಗಳನ್ನು ಕೊನೆಯಲ್ಲಿ ತಂದುಕೊಡಬೇಕು ಎಂದು ಮೊದಲೇ ಹೇಳಿದ್ದರು. ಉಪವಾಸ, ಜ್ವರ, ಪ್ರಯಾಣ ಎಂದು ನಾನು ಹದಿನಾಲ್ಕು ದಿನ ಬಿಟ್ಟಿದ್ದೆ.

ಮೊನ್ನೆ ಗುರುವಾರ ಕೊನೆಯ ತಪಾಸಣೆ. ಕ್ಲಿನಿಕ್ಕಿನ ನರ್ಸ್ ಪ್ರೆಸಿಲ್ಲಾ ನಮ್ಮ ಕಾರ್ಕಳದ ಕಡೆಯವರು, ನಗುತ್ತಲೇ ಇರುತ್ತಾರೆ. ಡೈರಿ ನೋಡಿ ಹದಿನಾಲ್ಕು ಮಾತ್ರೆ ಕೊಡಿ ಎಂದು ಕೈ ನೀಡಿದರು. ನನ್ನ ಪರ್ಸಿನಲ್ಲಿ ಖಾಲಿ ಪಟ್ಟಿ ಮಾತ್ರ. ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಊರಿನಲ್ಲಿರುವ ಅತ್ತೆಗೆ ಹತ್ತು ಕಳುಹಿಸುತ್ತಿದ್ದೇನೆ, ನಾಲ್ಕು ಎಲ್ಲೋ ಬಿದ್ದಿರಬೇಕು ಎಂದೆ. ಅತ್ತೆಗೆ ಬಿಪಿ ಉಂಟಾ ಎಂದು ಕೇಳಿದರು. ಉಂಟು ಎಂದೆ. ಅವರ ಮುಖದ ನಗು ಹೋಯಿತು. "ನೋಡಿ, ಇದು ಎದೆ ಬಡಿತವನ್ನೂ ಬಿಪಿಯನ್ನೂ ಏರಿಸುವ ಮಾತ್ರೆ. ನಿಮಗೆ ಕೊಡುವಾಗಲೇ ನಾವು ಅಷ್ಟು ಹೆದರಿ ಕೊಟ್ಟದ್ದು. ಆ ಅಮ್ಮನಿಗೆ ಎಂತಾದರೂ ಆದ್ರೆ ನಿಮ್ಮ ಅತ್ತೆ ನಿಮಗೆ ವಾಪಸು ಸಿಗ್ತಾರಾ?" ಎಂದರು. ಜುಲೈಯಲ್ಲಿ ನಾವು ಊರಿಗೆ ಬಂದಾಗ ಒಂದು ಬೆಳಿಗ್ಗೆ ನೀವು ಮೆಟ್ಟಿಲು ಹತ್ತಿ, ಎದೆ ಡವಡವ ಎನ್ನುತ್ತದೆ ಎಂದು ಜಗಲಿಯಲ್ಲಿ ಕುಳಿತದ್ದು ನೆನಪಾಯಿತು.

ಪೆಟ್ಟಿಗೆ ಆಗಲೇ ಆಸ್ವಾಲ್ಡ್ ಅವರ ಕೈ ಸೇರಿತ್ತು. ವಾದಿ ಕಬೀರಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಆ ಪುಣ್ಯಾತ್ಮನ ಬಗ್ಗೆ ನಿಮಗೆ ಗೊತ್ತೇ ಉಂಟು, ಊರಿಗೆ ಹೋಗುವಾಗಲೆಲ್ಲ ಹತ್ತು ಮನೆಯ ಸಾಮಾನು ಹೊತ್ತುಕೊಂಡು ಹೋಗುತ್ತಾರೆ. ಒಳಗೆ ಏನುಂಟು ಎಂದು ಯಾರನ್ನೂ ಕೇಳುವುದಿಲ್ಲ, ನಾವು ಹೇಳುವುದೂ ಇಲ್ಲ. ನಿಮ್ಮ ಮಗನಿಗೂ ಹೇಳದೆ ಟ್ಯಾಕ್ಸಿ ಹಿಡಿದು ಓಡಿದೆ. ಅವರು ಕಾರ್ಟನ್ನಿಗೆ ಟೇಪು ಸುತ್ತಿ, ಹಗ್ಗ ಬಿಗಿದು, ನಾಲ್ಕೂ ಬದಿಗೆ ತಮ್ಮ ಹೆಸರು ಬರೆದು ಮುಗಿಸಿದ್ದರು. ಬಿಚ್ಚಬೇಕು ಎಂದಾಗ ತಮಾಷೆ ಎಂದುಕೊಂಡರು. ಮಾತ್ರೆ ಎಂದಾಗ ಹಗ್ಗ ಕತ್ತರಿಸಿ, ಹಲ್ವಾದ ಪೆಟ್ಟಿಗೆಯಿಂದ ಡಬ್ಬಿ ಎತ್ತಿ, ಅದರ ಅಡಿಯಲ್ಲಿದ್ದ ಹತ್ತನ್ನೂ ನನ್ನ ಅಂಗೈಗೆ ಹಾಕಿದರು. "ಅಕ್ಕ, ಇದರ ಮೇಲೆ ನನ್ನ ಹೆಸರುಂಟು. ಏರ್‌ಪೋರ್ಟಲ್ಲಿ ಹಿಡಿದ್ರೆ ಚೀಟಿ ನಾನೆಲ್ಲಿಂದ ತೋರಿಸ್ಲಿ?" ಎಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು. ಆದರೂ ಸತ್ಯ ಹೇಳುತ್ತೇನೆ, ಆ ಹತ್ತನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಟ್ಯಾಕ್ಸಿಯಲ್ಲಿ ಕುಳಿತಾಗ ಹೆರಿಗೆಯಾಗಿ ಮಗುವಿನ ಅಳು ಕೇಳಿದಷ್ಟು ಸಮಾಧಾನವಾಯಿತು. ನೇರ ಕ್ಲಿನಿಕ್ಕಿಗೇ ಹೋಗಿ ಕೊಟ್ಟೆ. ಪ್ರೆಸಿಲ್ಲಾ ಎರಡು ಸಲ ಎಣಿಸಿ, "ಖಲಾಸ್, ಇನ್ನು ಹೋಗಿ ಚಾ ಕುಡಿಯಿರಿ" ಎಂದರು. ನನ್ನ ಬಿಪಿ ಸರಿ ಉಂಟು, ನನ್ನ ಮಾತ್ರೆಯೂ ಅವತ್ತಿಗೆ ಮುಗಿಯಿತು.

ನಿಮ್ಮನ್ನು ಬರಿಗೈಯಲ್ಲಿ ಬಿಡಲಿಲ್ಲ. ನಿನ್ನೆ ಸಮೀಕ್ಷಾಳಿಗೆ ಫೋನ್ ಮಾಡಿ, ಗುಟ್ಟು ಬಿಡದೆ ಆರತಿಯ ವಿಷಯ ಮಾತ್ರ ಕೇಳಿದೆ. ಅವಳಿಗೆ ಏನೂ ಗೊತ್ತೇ ಇರಲಿಲ್ಲ ಅತ್ತೆ. ಮದುವೆಗೆ ಅತ್ತೆಯೇ ಆರತಿ ಎತ್ತಬೇಕು, ಬೇಕಾದರೆ ನಾವೇ ಎದ್ದು ನಿಲ್ಲುತ್ತೇವೆ ಎಂದಳು. ನೀವು ಎರಡು ತಿಂಗಳು ನುಂಗಿಕೊಂಡ ಬೇಸರ ಎರಡು ನಿಮಿಷದ ಮಾತಿನಲ್ಲಿ ತೀರುವಂಥದ್ದಾಗಿತ್ತು. ತೂಕ ಇಳಿಸುವ ಆಸೆ ಇದ್ದರೆ ಇರಲಿ, ಆದರೆ ನಿಮ್ಮ ಡಾಕ್ಟರನ್ನು ಕೇಳಿ, ನಿಮ್ಮ ಹೆಸರಿನ ಚೀಟಿಯಲ್ಲಿ ಏನು ಬರುತ್ತದೋ ಅದು. ಡಿಸೆಂಬರಿನಲ್ಲಿ ನಾನು ಬಂದ ಮೇಲೆ ಸಂಜೆ ಇಬ್ಬರೂ ಗದ್ದೆಯ ಬದುವಿನಲ್ಲಿ ನಡೆಯೋಣ, ಮಾವ ನಗಾಡಿದರೆ ನಗಾಡಲಿ. ಹಲ್ವಾ ಮಾವನಿಗೆ, ನಿಮಗೆ ಒಂದೇ ತುಂಡು. ಶ್ರವಣ್ ಅಜ್ಜಿಗೆ "ಲವ್ ಯೂ" ಬರೆಯಲು ಹೇಳಿದ್ದಾನೆ, ಕನ್ನಡದಲ್ಲಿ ಬರೆ ಎಂದರೆ ಓಡಿಹೋದ. ನಿಮ್ಮ ಕೈ ನಮ್ಮ ಮೂವರ ತಲೆಯ ಮೇಲೆ ಹೀಗೆಯೇ ಇರಲಿ.

ನಿಮ್ಮ ಸೊಸೆ,
ಸೌಮ್ಯಶ್ರೀ

ತಾ.ಕ.: ಆಸ್ವಾಲ್ಡ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಆ ನಾಲ್ಕು ಮಾತ್ರೆ ಎಲ್ಲೂ ಬಿದ್ದದ್ದಲ್ಲ. ಜುಲೈಯಲ್ಲಿ ನಮ್ಮ ಕೋಣೆಯಲ್ಲಿದ್ದ ನನ್ನ ಬ್ಯಾಗಿನಿಂದ ಹೋದದ್ದು ನನಗೆ ಅವತ್ತೇ ಗೊತ್ತಾಗಿತ್ತು, ಕೇಳಲು ಧೈರ್ಯ ಬರಲಿಲ್ಲ. ಕೇಳಿದ್ದರೆ ನೀವು ಜಗಲಿಯಲ್ಲಿ ಎದೆ ಹಿಡಿದುಕೊಂಡು ಕುಳಿತದ್ದು ಮೆಟ್ಟಿಲಿನಿಂದಲ್ಲ ಎಂದು ಅವತ್ತೇ ತಿಳಿಯುತ್ತಿತ್ತು. ತಪ್ಪು ನನ್ನದೂ ಉಂಟು. ಈ ಪತ್ರ ಓದಿದ ದಿನವೇ ಡಾಕ್ಟರ ಹತ್ತಿರ ಹೋಗಿ. ಮಾತ್ರೆಯ ಹೆಸರು ಬರೆದ ಚೀಟಿಯನ್ನು ಒಳಗೆ ಇಟ್ಟಿದ್ದೇನೆ. ಉಳಿದಿದ್ದರೆ ಅವರಿಗೆ ಕೊಡಿ, ನುಂಗಿದ್ದರೆ ನುಂಗಿದೆ ಎನ್ನಿ. ಎಲ್ಲಿಂದ ಸಿಕ್ಕಿತು ಎಂದು ಕೇಳಿದರೆ ಸೊಸೆ ಕೊಟ್ಟದ್ದು ಎಂದು ಹೇಳಿ. ಯಾರು ಕೇಳಿದರೂ ನಾನು ಹೌದು ಎನ್ನುತ್ತೇನೆ.