ಎಡಗಡೆಯ ಕನ್ನಡಿ

ಜನವರಿ 9, ಗುರುವಾರ, ಸಂಜೆ

ಇವತ್ತೂ ಅದೇ. ಬಸ್ಸಿನ ಹೊಟ್ಟೆಯ ಕೆಳಗೆ ಬಗ್ಗಿ ಎಣ್ಣೆ ಸೋರುತ್ತಿದೆಯೇ ನೋಡಿದ್ದು. ಟೈರು, ದೀಪ, ವೈಪರು, ಬಾಗಿಲು, ಹಾರ್ನು — ಚೀಟಿಯಲ್ಲಿ ಟಿಕ್ಕು. ಇಪ್ಪತ್ತೆರಡು ವರ್ಷ ಮಕ್ಕಳ ಲೆಕ್ಕಕ್ಕೆ ಟಿಕ್ಕು ಹಾಕಿದ ಕೈ, ಈಗ ವೈಪರಿಗೆ ಹಾಕುತ್ತಿದೆ. ವೈಪರೇ ವಾಸಿ. ಎದುರು ಮಾತಾಡುವುದಿಲ್ಲ, ಅಪ್ಪ ಅಮ್ಮನನ್ನು ಜಗಳಕ್ಕೆ ಕರೆತರುವುದಿಲ್ಲ.

ತರಬೇತಿಯಲ್ಲಿ ಒಂಬತ್ತು ಜನ. ನನ್ನ ಬಿಟ್ಟರೆ ಎಂಟೂ ಗಂಡಸರು, ಎಂಟೂ ನನಗಿಂತ ಚಿಕ್ಕವರು, ಎಂಟಕ್ಕೂ ತಲೆಯಲ್ಲಿ ಹೊಟ್ಟು. ನನಗೆ ನಲವತ್ತಾರು. ಮೊದಲ ದಿನ ಒಬ್ಬ ‘ಆಂಟಿ’ ಅಂದ. ಸುಮ್ಮನೆ ನೋಡಿದೆ, ಅಷ್ಟೇ. ಈಗ ‘ಮೇಡಂ’ ಅನ್ನುತ್ತಾನೆ.

ಕಲಿಸುವಾತ ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಮಂಡಿ ಸವೆಸಿಕೊಂಡು ಮೇಷ್ಟ್ರಾದವನು. ಮೂಗು ಸೀನಿದರೆ ಡಿಪೋದ ಆ ತುದಿಗೆ ಕೇಳುತ್ತದೆ. ಹಾರ್ನ್ ಮೇಷ್ಟ್ರು ಅಂತ ನಾನೇ ಹೆಸರಿಟ್ಟೆ. ಶಾಲೆಯಲ್ಲಿ ಮಕ್ಕಳು ನನಗೆ ‘ಬೀಗ’ ಅಂತ ಇಟ್ಟಿದ್ದರು. ಗಂಟೆ ಹೊಡೆದ ಕ್ಷಣ ಕ್ಲಾಸಿನ ಬಾಗಿಲು ಹಾಕುತ್ತಿದ್ದೆ ಅಂತ. ಹೊರಗೆ ನಿಂತವರು ಹೊರಗೇ. ಅದರಲ್ಲಿ ನನಗೇನೂ ನಾಚಿಕೆಯಿಲ್ಲ.

ಜನವರಿ 16, ರಾತ್ರಿ ಊಟಕ್ಕೆ ಮುಂಚೆ

ಇವತ್ತಿನ ಪಾಠ: ಸ್ಟಾಪಿನಿಂದ ಹೊರಡುವುದು. ಅದಕ್ಕೊಂದು ಪಾಠ!

“ಟೈಮಾಯ್ತು ಅಂತ ಬಾಗಿಲು ಹಾಕ್ಬೇಡಿ. ಮೊದಲು ಎಡಗಡೆ ಕನ್ನಡಿ ನೋಡಿ. ಮೂರು ಎಣಿಸಿ. ಆಮೇಲೆ ಬಾಗಿಲು, ಆಮೇಲೆ ಇಂಡಿಕೇಟರು.”

“ಮೂರು ಯಾಕೆ?” ಅಂದೆ.

“ಓಡಿ ಬರೋರಿಗೆ.”

“ತಡ ಮಾಡಿ ಬರೋರಿಗೆ ಅನ್ನಿ.”

“ಅದೇ ಮೇಡಂ. ಓಡಿ ಬರೋರಿಗೆ.”

“ಪುಸ್ತಕದಲ್ಲಿ ಇಲ್ವಲ್ಲ ಇದು?”

“ಪುಸ್ತಕ ಬರೆದೋರು ಯಾವತ್ತೂ ಬಸ್ಸಿಗೆ ಓಡಿಲ್ಲ.” ಎಂಟೂ ಹೊಟ್ಟು ತಲೆಗಳು ಹಲ್ಲು ಕಿಸಿದವು.

ಲೆಕ್ಕ ಹಾಕಿದೆ. ನಲವತ್ತೆರಡನೇ ನಂಬರಿನ ರೂಟಿನಲ್ಲಿ ಮೂವತ್ತೆಂಟು ಸ್ಟಾಪು. ಸ್ಟಾಪಿಗೆ ಮೂರು ಸೆಕೆಂಡು. ಒಂದು ಟ್ರಿಪ್ಪಿಗೆ ಹತ್ತಿರ ಹತ್ತಿರ ಎರಡು ನಿಮಿಷ, ಹಾಸಿಗೆ ಬಿಟ್ಟೇಳಲಾರದ ಸೋಮಾರಿಗಳಿಗೆ ಧರ್ಮ. ಹೊತ್ತಿಗೆ ಸರಿಯಾಗಿ ಬಂದು ಕೂತವರು ಏನು ಪಾಪ ಮಾಡಿದ್ದಾರೆ? ಹೇಳಿದೆ ಇದನ್ನೂ. ಹಾರ್ನ್ ಮೇಷ್ಟ್ರು ಮೂಗು ಸೀನಿದ. ಕೋಣನ ಮುಂದೆ ಕಿನ್ನರಿ.

ಜನವರಿ 19, ಭಾನುವಾರ

ನಾದಿನಿ ಬಂದಿದ್ದಳು. ಸೋಫಾದ ತುದಿಯಲ್ಲಿ ಕೂತಳು, ನನ್ನ ಯೂನಿಫಾರ್ಮಿನ ಗ್ರೀಸು ಅಂಟೀತು ಅಂತ ಹೆದರಿದವಳ ಹಾಗೆ.

“ಅಲ್ಲ ಅತ್ತಿಗೆ, ಕಾರು ಕಲಿತಿದ್ರೆ ಒಂದು ಮಾತು. ಬಸ್ಸಾ? ಮೇಡಂ ಅನ್ನಿಸ್ಕೊಳ್ಳೋ ಕೆಲಸ ಬಿಟ್ಟು? ಜನ ಕೇಳಿದ್ರೆ ನಾನೇನು ಹೇಳ್ಲಿ?”

“ಬಸ್ಸು ಅಂತ ಹೇಳು. ಎರಡೇ ಅಕ್ಷರ.”

ಇವರು ಪೇಪರಿನ ಹಿಂದೆ ಅಡಗಿ ಕೂತಿದ್ದರು. ಅಣ್ಣ ತಂಗಿ ಇಬ್ಬರದೂ ಒಂದೇ ಬೆನ್ನುಮೂಳೆ, ಪಾಳಿ ಹಾಕಿಕೊಂಡು ಬಳಸುತ್ತಾರೆ. ಇವತ್ತು ತಂಗಿಯ ಪಾಳಿ. ಅವಳು ಹೋದ ಮೇಲೆ ಮೆಲ್ಲಗೆ, “ನಿಜ ಹೇಳು, ಯಾಕೆ ಬಿಟ್ಟೆ ಶಾಲೇನ?” ಅಂದರು. ಏಳು ತಿಂಗಳಲ್ಲಿ ನಾಲ್ಕನೇ ಸಲ.

ಬೇಜಾರು ಬಂತು, ಬಿಟ್ಟೆ, ಅಂದೆ. ಜನ ಬೇಜಾರು ಬಂದರೆ ಟೀವಿ ಹಾಕಿಕೊಳ್ಳುತ್ತಾರೆ ಅಂತ ಇವರು ಗೊಣಗಿದರು. ಗಂಡಂದಿರಿಗೆ ಅಪರೂಪಕ್ಕೊಮ್ಮೆ ಬುದ್ಧಿ ಬರುತ್ತದೆ, ಅದೂ ಬೇಡವಾದ ಹೊತ್ತಲ್ಲಿ.

ಜನವರಿ 30

ಮೊದಲ ಪರೀಕ್ಷೆ. ಫೇಲ್. ಹಿಂದಕ್ಕೆ ತೆಗೆಯುವಾಗ ಒಂದು ಪ್ಲಾಸ್ಟಿಕ್ ಕೋನು ಬಿತ್ತು. ನೆಲ ಇಳಿಜಾರಾಗಿತ್ತು... ಹೌದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೇ ಬೀಳಿಸಿದ್ದು.

ಮೂರು ಅವಕಾಶ ಕೊಡುತ್ತಾರೆ. ಮೂರೂ ಹೋದರೆ ಮೊದಲಿನಿಂದ ತರಬೇತಿ, ಆರು ತಿಂಗಳು ಕಾಯಬೇಕು.

ಫೆಬ್ರವರಿ 13, ಮಧ್ಯಾಹ್ನ

ಎರಡನೆಯದೂ ಹೋಯಿತು.

ಪರೀಕ್ಷಕ ಅಂದರೆ ಸಣಕಲು ಆಸಾಮಿ, ಕಿವಿಯ ಮೇಲೆ ಪೆನ್ಸಿಲು. ಬಸ್ಸು ಚೆನ್ನಾಗಿಯೇ ಓಡಿಸಿದೆ. ಕಂಡಕ್ಟರಿಲ್ಲದ ಬಸ್ಸು, ಪಾಸು ನೋಡುವುದೂ ನಾನೇ. ಎಂಟನೇ ಸ್ಟಾಪಿನಲ್ಲಿ ಒಬ್ಬಳು ಬಾಗಿಲಲ್ಲೇ ನಿಂತು ಚೀಲದ ತಳದಲ್ಲಿ ಪಾಸು ಹುಡುಕಿದಳು. ಹುಡುಕಿದಳು, ಹುಡುಕಿದಳು. “ಮನೆಯಲ್ಲೇ ತೆಗೆದಿಟ್ಟುಕೊಳ್ಳೋಕೆ ಏನು ಕಷ್ಟ? ಹಿಂದೆ ಹೋಗಿ ನಿಂತ್ಕೊ!” ಅಂದೆ. ಹೋಗಿ ನಿಂತಳು. ಕಣ್ಣಲ್ಲಿ ನೀರು. ಐವತ್ತು ದಾಟಿದ ಹೆಂಗಸು.

ಪೆನ್ಸಿಲು ಬರೆಯಿತು: ಪ್ರಯಾಣಿಕರೊಂದಿಗೆ ನಡತೆ, ಸೊನ್ನೆ. ಸೊನ್ನೆ! ನನ್ನ ಬದುಕಿನಲ್ಲಿ ಮೊದಲನೆಯದು.

ಹಾರ್ನ್ ಮೇಷ್ಟ್ರು ಚಹಾ ಕೊಡಿಸಿದ. ಬೇಡ ಅಂದೆ, ಆದರೂ ಕುಡಿದೆ.

“ಮೇಡಂ, ಬಸ್ಸು ನಿಮ್ಮ ಕೈಗೆ ಬಂದಿದೆ. ಜನ ಬಂದಿಲ್ಲ.”

“ಜನ ಕೈಗೆ ಬರೋದು ಬೇಡ. ಟೈಮಿಗೆ ಬಂದ್ರೆ ಸಾಕು.”

ಫೆಬ್ರವರಿ 21, ಸಂಜೆ

ಇತಿಹಾಸದವಳ ಫೋನು. ಹದಿನೈದು ವರ್ಷ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ. ಯುದ್ಧಗಳ ಇಸವಿ ಮರೆತಾಳು, ಸಹೋದ್ಯೋಗಿಯ ಕಷ್ಟ ಮರೆಯುವವಳಲ್ಲ.

“ಕೇಳ್ದೆ. ಎರಡು ಸಲ ಫೇಲಂತೆ, ಪಾಪ. ಹೆಡ್‌ಮಿಸ್ಟ್ರೆಸ್ಸು ನಿಮ್ಮ ಜಾಗ ಇನ್ನೂ ಖಾಲಿ ಇಟ್ಟಿದ್ದಾರೆ. ಮಾರ್ಚ್ ಏಳರ ಒಳಗೆ ಒಂದು ಪತ್ರ ಬರೀರಿ, ಸಾಕು. ಮಕ್ಕಳು ಬಾಲ ಬಿಚ್ಚಿದ್ದಾರೆ, ಬೀಗ ಬೇಕು ಅಂತಿದ್ದಾರೆ.”

ನಗು. ಆಮೇಲೆ, ಏನೂ ಅಲ್ಲವೆಂಬಂತೆ: “ಹಾಂ, ಆ ಹುಡುಗಿ ಮತ್ತೆ ಪರೀಕ್ಷೆಗೆ ಕಟ್ಟಿದ್ದಾಳೆ. ಮಾರ್ಚ್ ಹತ್ತು, ಸೋಮವಾರ, ಲೆಕ್ಕದ ಪೇಪರು. ಅದೇ ಪರೀಕ್ಷೆ ಹಾಲ್.”

ಯಾವ ಹುಡುಗಿ ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ.

ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ. ಕಳೆದ ವರ್ಷದ ಅಂತಿಮ ಪರೀಕ್ಷೆ. ಪರೀಕ್ಷೆ ಹಾಲ್‌ನ ಉಸ್ತುವಾರಿ ನನ್ನದು. ಒಂಬತ್ತಕ್ಕೆ ಬಾಗಿಲು ಹಾಕಿದೆ. ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಬಂದಳು. ಜಡೆ ಬಿಚ್ಚಿಹೋಗಿತ್ತು. ಒಂದು ಚಪ್ಪಲಿ ಕಾಲಲ್ಲಿ, ಬಾರು ಕಿತ್ತ ಇನ್ನೊಂದು ಕೈಯಲ್ಲಿ. ಬಾಗಿಲಿನ ಗಾಜಿಗೆ ಅಂಗೈ ಒತ್ತಿ, “ನೀರಿನ ಟ್ಯಾಂಕಿನ ಹತ್ರ ನಲವತ್ತೆರಡರ ಬಸ್ಸು ಬಿಟ್ಟುಹೋಯ್ತು ಮೇಡಂ, ಕೈ ತೋರಿಸಿದ್ರೂ ನಿಲ್ಲಿಸ್ಲಿಲ್ಲ, ಅಲ್ಲಿಂದ ಓಡಿ ಬಂದೆ” ಅಂದಳು. ಟೈಮಿಗೆ ಬರೋದು ಅಂದರೆ ಹಿಂದಿನ ಬಸ್ಸಿಗೆ ಬರೋದು ಅಂತ ಅರ್ಥ, ಅಂದೆ. ಒಳ್ಳೆಯ ಮಾತು ಅನ್ನಿಸಿತ್ತು ಆಗ. ಒಳಗಿದ್ದ ಮಕ್ಕಳಲ್ಲಿ ಇಬ್ಬರು ನಕ್ಕರು.

ನಿಯಮದ ಹಾಳೆಯಲ್ಲಿ ಹದಿನೈದು ನಿಮಿಷದವರೆಗೆ ‘ಉಸ್ತುವಾರಿಯವರ ವಿವೇಚನೆಗೆ’ ಬಿಟ್ಟಿದೆ ಅಂತಿತ್ತು. ವಿವೇಚನೆ ನನ್ನದು. ಅವಳಿಗೆ ಒಂದು ವರ್ಷ ಹೋಯಿತು. ಯಾರೂ ನನ್ನನ್ನು ಬೈಯಲಿಲ್ಲ. ಹೆಡ್‌ಮಿಸ್ಟ್ರೆಸ್ಸು ಮೀಟಿಂಗಿನಲ್ಲಿ ಶಿಸ್ತು ಅಂದರೆ ಇವರನ್ನು ನೋಡಿ ಕಲಿಯಿರಿ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೂರ್ಖರು. ಅಷ್ಟೂ ಮೂರ್ಖರ ಮಧ್ಯೆ ಎದ್ದು ನಿಂತು ಥ್ಯಾಂಕ್ಸ್ ಹೇಳಿದ ದೊಡ್ಡ ಮೂರ್ಖಿ ನಾನು.

ಮೂರು ತಿಂಗಳಿಗೆ ರಾಜೀನಾಮೆ ಕೊಟ್ಟೆ. ಬಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಜಾಹೀರಾತು ಕಂಡಿತು, ಅರ್ಜಿ ಹಾಕಿದೆ.

ಸಂಬಂಧವಿಲ್ಲ ಅಂತ ಬರೆದದ್ದನ್ನು ಈಗಷ್ಟೇ ಹೊಡೆದುಹಾಕಿದೆ. ಥೂ.

ಮಾರ್ಚ್ 5

ನಾಳೆ ಮೂರನೆಯದು, ಕೊನೆಯದು. ಪಾಸಾದರೆ ಡ್ರೈವರು. ಫೇಲಾದರೆ ನಾಡಿದ್ದು ಪತ್ರ ಬರೆದು ಮತ್ತೆ ಬೀಗ. ಇವರು, “ಯಾವುದಾದ್ರೂ ಸರಿ, ಊಟಕ್ಕೆ ಬಾ” ಅಂದರು. ಇಷ್ಟು ತಣ್ಣಗಿನ ಮನುಷ್ಯನನ್ನು ಕಟ್ಟಿಕೊಂಡದ್ದು ಪೂರ್ವಜನ್ಮದ ಕರ್ಮ.

ಮಾರ್ಚ್ 6, ಗುರುವಾರ, ಮಧ್ಯಾಹ್ನ 1:30

ಕ್ರಮವಾಗಿ ಬರೆಯಬೇಕು.

ನಲವತ್ತೆರಡರ ರೂಟು. ಹಿಂದಿನ ಸೀಟಿನಲ್ಲಿ ಪೆನ್ಸಿಲು, ಅವನ ಪಕ್ಕ ಹಾರ್ನ್ ಮೇಷ್ಟ್ರು. ಹತ್ತು ಸ್ಟಾಪು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಪಾಸು ಹುಡುಕುವವರಿಗೂ “ನಿಧಾನಕ್ಕೆ ಹುಡುಕಿ” ಅಂದೆ, ಹಲ್ಲು ಕಚ್ಚಿಕೊಂಡು.

ಹನ್ನೊಂದನೆಯದು ಆಸ್ಪತ್ರೆ ಸ್ಟಾಪು. ಹೊರಡುವ ಹೊತ್ತು 10:24. ಗಡಿಯಾರದಲ್ಲಿ 10:24 ಬಿದ್ದ ಕ್ಷಣ ಬಾಗಿಲು ಹಾಕಿದೆ. ಮೂರು ಎಣಿಸಲಿಲ್ಲ. ಎಣಿಸಬೇಕು ಅಂತ ನೆನಪೇ ಆಗಲಿಲ್ಲ. ಇಪ್ಪತ್ತೆರಡು ವರ್ಷದ ಕೈ, ತಾನಾಗಿ ಹೋಯಿತು. ಇಂಡಿಕೇಟರು ಹಾಕಿದೆ. ಆಮೇಲೆ ಕನ್ನಡಿ ನೋಡಿದೆ.

ಎಡಗಡೆಯ ಕನ್ನಡಿಯಲ್ಲಿ ಒಬ್ಬ ದಪ್ಪ ಮನುಷ್ಯ. ಕಂಕುಳಲ್ಲಿ ಫೈಲು, ಒಂದು ಕೈ ಮೇಲೆ, ಬಾಯಿ ತೆರೆದು ಓಡಿ ಬರುತ್ತಿದ್ದಾನೆ. ಅಂಗೈ ಕಾಣುತ್ತಿತ್ತು.

ಇಂಡಿಕೇಟರು ಹಾಕಿದ ಮೇಲೆ ಬಾಗಿಲು ತೆರೆದರೆ ಫೇಲು. ಪುಸ್ತಕದ ಹದಿನಾಲ್ಕನೇ ಪುಟ, ನನಗೆ ಬಾಯಿಪಾಠ. ಇಲ್ಲಿ ಯಾರ ವಿವೇಚನೆಯೂ ಇಲ್ಲ.

ತೆರೆದೆ.

ಹತ್ತಿದ. ಕಂಬ ಹಿಡಿದು ಉಸಿರು ಬಿಟ್ಟ. ಕೇಳಿದ:

“ಇದು ಹದಿನೇಳಾ?”

“ನಲವತ್ತೆರಡು.”

“ಅಯ್ಯೋ! ಹದಿನೇಳು ಅನ್ಕೊಂಡೆ.” ಇಳಿದು ಹೋದ. ಥ್ಯಾಂಕ್ಸೂ ಇಲ್ಲ, ಸಾರಿಯೂ ಇಲ್ಲ. ಬಸ್ಸಿನ ಹಣೆಯ ಮೇಲೆ ಮೊಳದುದ್ದದ ನಲವತ್ತೆರಡು ಬರೆದಿದೆ, ಕುರುಡ ಕತ್ತೆ! ಅಂಥವನಿಗಾಗಿ!

ಹಿಂದೆ ಪೆನ್ಸಿಲು ಗೀಚಿದ ಸದ್ದು. ಉಳಿದ ಇಪ್ಪತ್ತೇಳು ಸ್ಟಾಪನ್ನೂ ಪೂರ್ತಿ ಓಡಿಸಿದೆ. ಪ್ರತಿ ಸ್ಟಾಪಿನಲ್ಲೂ ಮೂರು ಎಣಿಸಿದೆ. ಇನ್ನು ಎಣಿಸಿ ಏನು ಬಂತು ಭಾಗ್ಯ.

ಡಿಪೋದಲ್ಲಿ ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಹಾರ್ನ್ ಮೇಷ್ಟ್ರು ಬಂದು ಪಕ್ಕದಲ್ಲಿ ಕೂತ.

“ಮೊದಲೇ ಮೂರು ಎಣಿಸಿದ್ರೆ ಅವನೂ ಹತ್ತುತಿದ್ದ, ನೀವೂ ಪಾಸಾಗ್ತಿದ್ರಿ.”

“ಗೊತ್ತು.”

“ಗೊತ್ತಿದ್ದೂ ತೆರೆದ್ರಲ್ಲ.”

“ಹೂಂ.”

“ಅವನಿಗೆ ನಮ್ಮ ಬಸ್ಸು ಬೇಕೇ ಇರಲಿಲ್ಲ,” ಅಂದ. ಅಂದು, ಮೂಗು ಸೀನಿದ. ನನಗೆ ನಗು ಬಂತು. ಎಷ್ಟು ನಕ್ಕೆ ಅಂದರೆ ಎಂಟೂ ಹೊಟ್ಟು ತಲೆಗಳು ಹೊರಗೆ ಬಂದು ನೋಡಿದವು. ನಗುತ್ತಾ ನಗುತ್ತಾ ಅತ್ತೆ. ಎಲ್ಲರೆದುರು. ಅಸಹ್ಯ.

ಮಾರ್ಚ್ 7, ಬೆಳಿಗ್ಗೆ

ಹೆಡ್‌ಮಿಸ್ಟ್ರೆಸ್ಸಿಗೆ ಪತ್ರ ಬರೆದೆ. ಮೂರು ಸಾಲು. ಜಾಗ ಬೇರೆಯವರಿಗೆ ಕೊಡಿ. ಹೊಸಬರಿಗೆ ನಿಯಮದ ಹಾಳೆಯನ್ನು ಪೂರ್ತಿ ಓದಲು ಹೇಳಿ, ವಿವೇಚನೆಯ ಸಾಲಿನವರೆಗೂ. ನಾನು ಓದಿದ್ದೆ, ಪಾಲಿಸಲಿಲ್ಲ.

ಇವರಿಗೆ ತೋರಿಸಿದೆ. ಓದಿದರು. ಐದನೇ ಸಲ ಯಾಕೆ ಅಂತ ಕೇಳಲಿಲ್ಲ. ನಾನೇ ಹೇಳಿದೆ — ಪರೀಕ್ಷೆ ಹಾಲ್, ಗಾಜು, ಚಪ್ಪಲಿ, ಎಲ್ಲ. ಪತ್ರ ಮಡಚಿ ನನ್ನ ಕೈಗೆ ಕೊಟ್ಟರು.

“ಆರು ತಿಂಗಳಾದ್ಮೇಲೆ ಮತ್ತೆ ಮೊದಲ್ನಿಂದ ಕಲೀತೀಯಾ?”

“ಇನ್ನೇನು, ನಿಮ್ಮ ತಂಗಿ ಹತ್ರ ಹೊಲಿಗೆ ಕಲೀಲಾ?”

ಹೊಟ್ಟು ತಲೆಗಳ ಹೊಸ ತಂಡದಲ್ಲಿ ನಾನು ಹಳೇ ಫೇಲು. ಇರಲಿ. ಮಾಡಿದ್ದುಣ್ಣೋ ಮಾರಾಯ.

ಮಾರ್ಚ್ 8

ಹಾರ್ನ್ ಮೇಷ್ಟ್ರಿಗೆ ಫೋನು ಮಾಡಿದೆ. ಅರ್ಧ ಗಂಟೆ ಫೋನು ಹಿಡಿದುಕೊಂಡು ಅಡುಗೆಮನೆಯಲ್ಲಿ ತಿರುಗಿ, ಆಮೇಲೆ ಮಾಡಿದೆ. ಬೇಡಿಕೊಂಡು ಅಭ್ಯಾಸವಿಲ್ಲ.

“ಸೋಮವಾರ ಬೆಳಿಗ್ಗೆ ನಲವತ್ತೆರಡು... ಯಾರು ಓಡಿಸ್ತಾರೆ?”

“ಯಾಕೆ?”

“ನೀರಿನ ಟ್ಯಾಂಕಿನ ಸ್ಟಾಪಲ್ಲಿ ಒಂದು ಹುಡುಗಿ ಹತ್ತಬೇಕು. ಪರೀಕ್ಷೆಗೆ. ಅವಳು ಓಡಿ ಬರೋ ಜಾತಿ.”

ಕೇಳಿಸಿಕೊಂಡರು. ಎಲ್ಲ ಹೇಳಿದೆ, ಒಂಬತ್ತು ಗಂಟೆ ನಾಲ್ಕು ನಿಮಿಷವನ್ನೂ. ಛೀ ಅನ್ನುತ್ತಾರೆ ಅಂದುಕೊಂಡಿದ್ದೆ. ಅಂದಿದ್ದರೆ ಹಗುರಾಗುತ್ತಿತ್ತು.

“ಆ ಟ್ರಿಪ್ಪು ನಾನೇ ತಗೋತೀನಿ,” ಅಂದರು. “ಮಂಡಿ ಒಂದಿನ ತಡ್ಕೊಳ್ಳುತ್ತೆ. ನೀವೂ ಬನ್ನಿ. ಮುಂದಿನ ಸೀಟಲ್ಲಿ ಕೂತು ಕನ್ನಡಿ ನೋಡಿ.”

ಗಮನಿಸಿದೆ, ಮೇಷ್ಟ್ರಿಗೆ ಬಹುವಚನ ಬಂದುಬಿಟ್ಟಿದೆ ಈ ಪುಸ್ತಕದಲ್ಲಿ. ಹೊಡೆದುಹಾಕುವುದಿಲ್ಲ.

ಮಾರ್ಚ್ 10, ಸೋಮವಾರ, ಬೆಳಿಗ್ಗೆ 8:19, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಮುಂದಿನ ಸೀಟು. ಮೇಷ್ಟ್ರು ಯೂನಿಫಾರ್ಮಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದಾರೆ, ಮದುಮಗ!

ಮುಂದಿನದು ನೀರಿನ ಟ್ಯಾಂಕು. ಅವಳಿಗೆ ಏನು ಹೇಳಲಿ? ಏನೂ ಹೇಳುವುದು ಬೇಡ. ಪರೀಕ್ಷೆಗೆ ಮುಂಚೆ ನನ್ನ ಮುಖ ಕಂಡರೆ ಬರುವ ಲೆಕ್ಕವೂ ಮರೆತುಹೋದೀತು. ಸೆರಗು ತಲೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗುತ್ತೇನೆ. ಕ್ಷಮೆ ಸಂಜೆ ಕೇಳಿದರಾಯಿತು, ಪೇಪರು ಮುಗಿದ ಮೇಲೆ, ಗೇಟಿನ ಹತ್ತಿರ.

8:22. ನಿಂತಿದೆ. ಆರು ಜನ ಹತ್ತಿದರು. ಅವಳಿಲ್ಲ.

ಇವತ್ತೂ ತಡ! ಒಂದು ವರ್ಷ ಪೂರ್ತಿ ಇತ್ತು, ಒಂದು ಅಲಾರಂ ಇಟ್ಟುಕೊಳ್ಳಲಾರದ ಕತ್ತೆ. ಕಪಾಳಕ್ಕೆ ಎರಡು ಬಿಡಬೇಕು. ಹಿಂದಿನಿಂದ ಯಾರೋ, “ರೀ ಡ್ರೈವರ್, ಹೊರಡ್ರೀ, ಟೈಮಾಯ್ತು” ಅಂತಿದ್ದಾನೆ. ತಿರುಗಿ ಒಂದು ನೋಟ ಬಿಟ್ಟೆ, ಸುಮ್ಮನಾದ.

ಮೇಷ್ಟ್ರು ಬಾಗಿಲಿನ ಗುಂಡಿಯ ಮೇಲೆ ಬೆರಳಿಟ್ಟಿದ್ದಾರೆ. ಒತ್ತಿಲ್ಲ. ಕನ್ನಡಿ ನೋಡುತ್ತಿದ್ದಾರೆ. ನಾನೂ.

ಅಗೋ. ಟ್ಯಾಂಕಿನ ಮೂಲೆ ತಿರುಗಿದಳು. ಜಡೆ ಬಿಚ್ಚಿಹೋಗಿದೆ. ಕೈ ಮೇಲೆತ್ತಿದ್ದಾಳೆ. ಈ ಸಲ ಚಪ್ಪಲಿ ಎರಡೂ ಕಾಲಲ್ಲೇ ಇವೆ. ಮೇಷ್ಟ್ರು ನನ್ನ ಕಡೆ ನೋಡಿದರು, ಎಣಿಸಿ ಮೇಡಂ ಅಂದರು.

ಒಂದು.

ಎರಡು.

ಎರಡು.

ಎರಡು —