ಗುಡಿಸಲೂ ಉಳಿಯದ ನಾಣ್ಯ

ಮಾರ್ಚ್ ೧೪, ಗುರುವಾರ

ಮಗಳ ನಾಣ್ಯಗಳನ್ನೆಲ್ಲ ಜೂಜಿನ ಚಕ್ರಕ್ಕೆ ಸುರಿದು ಕೂತಿದ್ದೇನೆ. ಕೈಗೆ ಸಿಗುವ ನಾಣ್ಯಗಳಲ್ಲ. ಕಂಪ್ಯೂಟರಿನೊಳಗೆ ಮಾಯಾನಗರಿ ಎಂಬ ಆಟದಲ್ಲಿ ಬೊಂಬೆಗಳಿಗೆ ಉಡುಪು ಮಾಡಿ ಮಾರಿ ಅವಳು ಎರಡು ವರ್ಷ ಕೂಡಿಟ್ಟವು. ಬೇಜಾರಾದಾಗ ಸುತ್ತಾಡಲಿ ಎಂದು ನನಗೂ ಪಾಸ್‌ವರ್ಡ್ ಕೊಟ್ಟಿದ್ದಳು.

ಮೂವತ್ತು ವರ್ಷ ರಂಗದ ಮೇಲೆ ರಾಜನಾಗಿ ತಗಡಿನ ನಾಣ್ಯಗಳನ್ನು ಬೊಗಸೆ ಬೊಗಸೆ ಎರಚಿದವನು ನಾನು. ಪರದೆ ಬಿದ್ದ ಮೇಲೆ ಗುಡಿಸಿ ಡಬ್ಬಿಗೆ ತುಂಬಿದರೆ ಮರುದಿನದ ಆಟಕ್ಕೆ ಮತ್ತೆ ಸಿದ್ಧ. ಇವೂ ಹಾಗೆಯೇ ಎಂದುಕೊಂಡೆ. ಇಂಟರ್ನೆಟ್ಟಿನಲ್ಲಿ ಚಕ್ರ ತಿರುಗಿಸುವ ಜೂಜಿನವರು ಮಾಯಾನಗರಿಯ ನಾಣ್ಯವನ್ನೇ ಪಣಕ್ಕೆ ತೆಗೆದುಕೊಂಡರು. ಎರಡು ಸಲ ಗೆದ್ದೆ, ಎದೆ ಉಬ್ಬಿತು. ಆಮೇಲೆ ಗುಡಿಸಲೂ ಒಂದು ನಾಣ್ಯ ಉಳಿಯಲಿಲ್ಲ.

ಊಟಕ್ಕೆ ಕೂತಾಗ ಅವಳೆಂದಳು: "ಅಪ್ಪಾ, ನಾಳೆ ಆ ನಾಣ್ಯ ಎಲ್ಲ ಮಾರಿ ನಿಜವಾದ ಹೊಲಿಗೆ ಮೆಷಿನ್ ತರ್ತೀನಿ. ಮೊದಲು ನಿಂಗೇ ಒಂದು ರಾಜನ ಅಂಗಿ."

"ಬೊಕ್ಕಸ ಬರಿದು ಮಾಡಿದ ರಾಜನಿಗೆ ಅಂಗಿ ಯಾಕಮ್ಮ?" ಎಂದೆ.

"ನಿನ್ನ ಡೈಲಾಗ್ ಸಾಕು, ಊಟ ಆರೋಗತ್ತೆ," ಎಂದು ನಕ್ಕಳು.

ನಿಜವನ್ನೇ ಹೇಳಿದ್ದೆ. ಅವಳಿಗೆ ನಾಟಕದ ಮಾತಾಗಿ ಕೇಳಿಸಿತು. ಆಗಿನಿಂದ ಕನ್ನಡಿಯ ಮುಂದೆ ಅದನ್ನು ಹೇಳುವ ತಾಲೀಮು ನಡೆಸಿದ್ದೇನೆ. ಬಾಯಿ ತೆರೆದರೆ ಮಾತು ಸಿಂಹಾಸನದಿಂದಲೇ ಗುಡುಗುತ್ತದೆ. ಕೊನೆಯ ಸಾಲಿನವರಿಗೂ ಮುಟ್ಟಬೇಕೆಂಬ ಹಾಳು ಅಭ್ಯಾಸ. ಒಬ್ಬಳಿಗೆ ಮಾತ್ರ ಕೇಳುವಂತೆ ಹೇಳುವುದು ಈ ಗಂಟಲಿಗೆ ಗೊತ್ತೇ ಇಲ್ಲ.

ಅವಳ ಕೋಣೆಯಲ್ಲಿ ಇನ್ನೂ ದೀಪವಿದೆ. ಮೆಷಿನ್ನಿಗೆ ಜಾಗ ಮಾಡಲು ಮೇಜು ಎಳೆಯುತ್ತಿದ್ದಾಳೆ. ಅದು ಒಬ್ಬರ ಕೈಲಿ ಆಗುವ ಭಾರವಲ್ಲ. ಹೋಗಿ ಇನ್ನೊಂದು ತುದಿ ಹಿಡಿದು, ಎತ್ತುವ ಮೊದಲೇ, ಮೆಲ್ಲಗೆ ಹೇಳಿಬಿಡುತ್ತೇನೆ.